100 ಡಾಲರಿಗೆ ಹೋದ ಜಲಾಂತರ್ಗಾಮಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ, ಹಳೆಯ ಯುದ್ಧನೌಕೆಗಳು ಕೊನೆಗೆ ಏನಾಗುತ್ತವೆ ಎಂಬ ಪ್ರಶ್ನೆಗೆ ಉತ್ತರಿಸುವಾಗ, ಅಮೆರಿಕದ ನೌಕಾಪಡೆ ತನ್ನ ಮೊದಲ ಜಲಾಂತರ್ಗಾಮಿಯಾದ ‘ಹಾಲಂಡ್’ ಅನ್ನು 1913ರಲ್ಲಿ 100 ಡಾಲರಿಗೆ ಗುಜರಿಗೆ ಮಾರಿತು ಎಂದು ಒಂದು ಸಾಲು ಬರೆದಿದ್ದೆವು. ಉಳಿದ ಉತ್ತರವನ್ನೆಲ್ಲ ಬಿಟ್ಟು ಆ ಒಂದು ಸಾಲನ್ನೇ ಹಿಡಿದು ಓದುಗರು ಪತ್ರ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಕೊಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಒಂದು ಯುದ್ಧನೌಕೆಯನ್ನು 100 ಡಾಲರಿಗೆ ಮಾರಿದ್ದು ನಿಜವೇ? ಅಚ್ಚಿನ ತಪ್ಪಿನಿಂದ ಎರಡು ಸೊನ್ನೆ ಬಿಟ್ಟುಹೋಗಿರಬಹುದೇ? (ಹಾವೇರಿಯ ಓದುಗರೊಬ್ಬರು)

ಉತ್ತರ: ಸೊನ್ನೆ ಬಿಟ್ಟುಹೋಗಿಲ್ಲ. ಕಟ್ಟಿದ ಕಂಪನಿಗೆ ಈ ದೋಣಿಯ ಮೇಲೆ ಆದ ಖರ್ಚು 2,36,615 ಡಾಲರ್. ನೌಕಾಪಡೆ ಅದನ್ನು 1900ರ ಏಪ್ರಿಲ್ 11ರಂದು ಕೊಂಡ ಬೆಲೆ 1,50,000 ಡಾಲರ್. 1913ರ ಜೂನ್ 18ರಂದು ಫಿಲಡೆಲ್ಫಿಯಾದ ಹಿಟ್ನರ್ ಎಂಬ ಗುಜರಿ ಕಂಪನಿಗೆ ಅದನ್ನು ಮಾರಿದ ಬೆಲೆ 100 ಡಾಲರ್. ಬೆಲೆಗಿಂತ ಆ ವ್ಯವಹಾರಕ್ಕೆ ಹಾಕಿದ್ದ ಷರತ್ತು ಹೆಚ್ಚು ಕುತೂಹಲದ್ದು. ಕೊಂಡವರು ದೋಣಿಯನ್ನು ಒಡೆದುಹಾಕಬೇಕು, ಮತ್ತೆ ನೌಕೆಯಾಗಿ ಬಳಸಕೂಡದು ಎಂದು ಹೇಳಿ, ಅದಕ್ಕಾಗಿ ಅವರಿಂದ 5,000 ಡಾಲರಿನ ಮುಚ್ಚಳಿಕೆ ಬರೆಸಿಕೊಳ್ಳಲಾಯಿತು. ಅಂದರೆ ವಸ್ತುವಿನ ಬೆಲೆಗಿಂತ ಅದರ ಮೇಲಿನ ಜಾಮೀನು 50 ಪಟ್ಟು ಹೆಚ್ಚಾಗಿತ್ತು. ಕಬ್ಬಿಣದ ಲೆಕ್ಕದಲ್ಲಿ ಏನೂ ಬಾಳದ ಈ ದೋಣಿ ಬೇರೆಯವರ ಕೈಯಲ್ಲಿ ನೀರಿಗಿಳಿದರೆ ಏನಾಗಬಹುದು ಎಂಬ ಅಂಜಿಕೆ ಸರ್ಕಾರಕ್ಕೆ ಇದ್ದೇ ಇತ್ತು ಎಂದು ಈ ಷರತ್ತಿನಿಂದ ತಿಳಿಯುತ್ತದೆ.

ಅಷ್ಟರಲ್ಲಿ ಅದರ ಸೇವೆ ಮುಗಿದು ಎರಡೂವರೆ ವರ್ಷ ಕಳೆದಿತ್ತು. 1910ರ ನವೆಂಬರ್ 21ರಂದೇ ನೌಕಾಪಡೆಯ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಲಾಗಿತ್ತು. ಇನ್ನೊಂದು ಮಾತು: ಷರತ್ತು ಎಷ್ಟೇ ಬಿಗಿಯಾಗಿದ್ದರೂ ಹಾಲಂಡ್ ಆಗಲೇ ಚೂರಾಗಲಿಲ್ಲ. ಆ ಕಥೆ ಈ ಅಂಕಣದ ಕೊನೆಯ ಉತ್ತರದಲ್ಲಿದೆ.

ಪ್ರಶ್ನೆ: ಹಾಲಂಡ್‌ಗಿಂತ ಮೊದಲೇ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿಯೇ ಜಲಾಂತರ್ಗಾಮಿಗಳು ಇದ್ದವು ಎಂದು ಓದಿದ್ದೇನೆ. ಹಾಗಿದ್ದರೆ ಇದನ್ನು ಮೊದಲನೆಯದು ಎನ್ನುವುದು ಹೇಗೆ? (ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಾವು ಓದಿದ್ದು ಸರಿ. 1862ರಲ್ಲಿ ಫಿಲಡೆಲ್ಫಿಯಾದಲ್ಲಿ ನೀರಿಗಿಳಿದ ‘ಅಲಿಗೇಟರ್’ ಅಮೆರಿಕದ ನೌಕಾಪಡೆಗೆಂದೇ ಕಟ್ಟಿದ ದೋಣಿ. ಮರುವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಹಡಗು ಅದನ್ನು ಎಳೆದೊಯ್ಯುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಅದು ಸಮುದ್ರದ ಪಾಲಾಯಿತು. ಎದುರು ಪಕ್ಷವಾದ ದಕ್ಷಿಣದವರ ‘ಹನ್ಲಿ’ 1864ರ ಫೆಬ್ರವರಿ 17ರಂದು ‘ಹೌಸಟಾನಿಕ್’ ಎಂಬ ಹಡಗನ್ನು ಮುಳುಗಿಸಿ ತಾನೂ ಮುಳುಗಿತು. ಇವೆಲ್ಲ ಒಳಗೆ ಕುಳಿತವರು ಕೈಯಿಂದ ತಿರುಗಿಸಿ ಇಲ್ಲವೇ ಹುಟ್ಟು ಹಾಕಿ ನಡೆಸುತ್ತಿದ್ದ ದೋಣಿಗಳು. ಹಾಲಂಡ್ ಅನ್ನು ಮೊದಲನೆಯದು ಎನ್ನುವುದಕ್ಕೆ ಕಾರಣ, ಅಮೆರಿಕದ ನೌಕಾಪಡೆ ವಿಧ್ಯುಕ್ತವಾಗಿ ಸೇವೆಗೆ ಸೇರಿಸಿಕೊಂಡ ಮೊದಲ ಜಲಾಂತರ್ಗಾಮಿ ಅದು. ಆ ದಿನ 1900ರ ಅಕ್ಟೋಬರ್ 12. ಅಮೆರಿಕದ ಜಲಾಂತರ್ಗಾಮಿಗಳ ಕ್ರಮಸಂಖ್ಯೆಗಳಲ್ಲಿ ಮೊದಲನೆಯದಾದ ಎಸ್‌ಎಸ್-1 ಅದರದೇ. ನೀರಿನ ಮೇಲೆ ಎಂಜಿನ್, ನೀರಿನ ಕೆಳಗೆ ಬ್ಯಾಟರಿ ಎಂಬ ಜೋಡಿ ವ್ಯವಸ್ಥೆ ಅಮೆರಿಕದ ನೌಕಾಪಡೆಗೆ ಬಂದದ್ದೂ ಅದರ ಜೊತೆಯಲ್ಲಿಯೇ.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಅಮೆರಿಕದವರು ತಮ್ಮ ಜಲಾಂತರ್ಗಾಮಿ ಪಡೆಯ ಹುಟ್ಟುಹಬ್ಬವನ್ನು ಆಚರಿಸುವುದು ಸೇವೆಗೆ ಸೇರಿಸಿದ ದಿನವಲ್ಲ, ದುಡ್ಡು ಕೊಟ್ಟು ಕೊಂಡ ದಿನ, ಅಂದರೆ ಏಪ್ರಿಲ್ 11. ನಮ್ಮ ದೇಶದಲ್ಲಿ ಡಿಸೆಂಬರ್ 8 ಜಲಾಂತರ್ಗಾಮಿ ದಿನ. 1967ರಲ್ಲಿ ಅದೇ ದಿನ ಅಂದಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ‘ಐಎನ್‌ಎಸ್ ಕಲ್ವರಿ’ ಸೇವೆಗೆ ಸೇರಿತು. ನಮ್ಮ ಲೆಕ್ಕವೇ ಹೆಚ್ಚು ಸರಿ ಎಂದು ನಮಗೆ ಅನ್ನಿಸುತ್ತದೆ.

ಪ್ರಶ್ನೆ: ಇದನ್ನು ರೂಪಿಸಿದವರು ಒಬ್ಬ ಶಾಲಾ ಮಾಸ್ತರರು ಎಂದು ಕೇಳಿದ್ದೇನೆ. ನಾನೂ ನಿವೃತ್ತ ಶಿಕ್ಷಕ, ಆದ್ದರಿಂದ ಕುತೂಹಲ. (ಧಾರವಾಡದ ಓದುಗರು)

ಉತ್ತರ: ಹೌದು, ಮಾಸ್ತರರೇ. ಜಾನ್ ಫಿಲಿಪ್ ಹಾಲಂಡ್ ಅವರು 1841ರಲ್ಲಿ ಐರ್ಲೆಂಡಿನ ಪಶ್ಚಿಮ ತೀರದ ಲಿಸ್ಕ್ಯಾನರ್ ಎಂಬ ಊರಿನಲ್ಲಿ ಹುಟ್ಟಿದರು, ಕ್ರಿಶ್ಚಿಯನ್ ಬ್ರದರ್ಸ್ ಸಂಸ್ಥೆಯ ಶಾಲೆಗಳಲ್ಲಿ ಪಾಠ ಹೇಳಿದರು, 1873ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ನ್ಯೂಜೆರ್ಸಿಯ ಪ್ಯಾಟರ್‌ಸನ್‌ನಲ್ಲಿಯೂ ಮಾಸ್ತರಿಕೆಯನ್ನೇ ಮಾಡಿದರು. ಅಲ್ಲಿನ ಪಸೇಯಿಕ್ ನದಿಯಲ್ಲಿ 1878ರಲ್ಲಿ 14 ಅಡಿಯ ಒಂದು ಪುಟ್ಟ ದೋಣಿಯನ್ನು ಮುಳುಗಿಸಿ ಎಬ್ಬಿಸಿ ತೋರಿಸಿದರು. ಇದಕ್ಕೆ ಹಣ ಕೊಟ್ಟವರು ಐರ್ಲೆಂಡನ್ನು ಇಂಗ್ಲೆಂಡಿನಿಂದ ಬಿಡಿಸಿಕೊಳ್ಳಬೇಕೆಂದು ಹೊರಟಿದ್ದ ಫೀನಿಯನ್ ಸಂಘಟನೆಯವರು. ಅವರಿಗಾಗಿಯೇ 1881ರಲ್ಲಿ ‘ಫೀನಿಯನ್ ರ‍್ಯಾಮ್’ ಎಂಬ ದೊಡ್ಡ ದೋಣಿಯನ್ನೂ ಕಟ್ಟಿದರು. ಆದರೆ ಸಂಘಟನೆಯೊಳಗೆ ಹಣಕಾಸಿನ ಜಗಳ ಹತ್ತಿ, 1883ರಲ್ಲಿ ಒಂದು ರಾತ್ರಿ ಅವರೇ ದೋಣಿಯನ್ನು ಕದ್ದು ಎಳೆದೊಯ್ದರು. ಒಯ್ದ ಮೇಲೆ ಅದನ್ನು ನಡೆಸುವುದು ಯಾರಿಗೂ ಗೊತ್ತಾಗಲಿಲ್ಲ. ಹಾಲಂಡ್ ಆ ಬಳಿಕ ಅವರ ಸಹವಾಸವನ್ನೇ ಬಿಟ್ಟರು.

ಅಮೆರಿಕದ ನೌಕಾಪಡೆ 1895ರಲ್ಲಿ ‘ಪ್ಲಂಜರ್’ ಎಂಬ ಜಲಾಂತರ್ಗಾಮಿಗಾಗಿ ಹಾಲಂಡ್ ಅವರ ಕಂಪನಿಗೆ 2,00,000 ಡಾಲರಿನ ಗುತ್ತಿಗೆ ಕೊಟ್ಟಿತು. ಅಧಿಕಾರಿಗಳು ಕೇಳಿದ ವೇಗಕ್ಕೆ ಉಗಿ ಎಂಜಿನ್ ಇಲ್ಲದೆ ಆಗುತ್ತಿರಲಿಲ್ಲ. ನೀರಿನೊಳಗೆ ಮುಳುಗುವ ಮುಚ್ಚಿದ ದೋಣಿಯೊಳಗೆ ಬೆಂಕಿ ಉರಿಸುವ ಬಾಯ್ಲರ್! ಪರೀಕ್ಷೆಯ ವೇಳೆ ಬಾಯ್ಲರ್ ಕೋಣೆಯ ತಾಪ 137 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಆ ದೋಣಿ ಸೇವೆಗೆ ಬರಲೇ ಇಲ್ಲ, ಕಂಪನಿ ಹಣ ಹಿಂದಿರುಗಿಸಿತು. ಇದು ಹೀಗೆಯೇ ಆಗುವುದೆಂದು ಮೊದಲೇ ಊಹಿಸಿದ್ದ ಹಾಲಂಡ್, ಸರ್ಕಾರದ ಸಲಹೆಗಳ ಹಂಗಿಲ್ಲದೆ ಕಂಪನಿಯ ಸ್ವಂತ ಖರ್ಚಿನಲ್ಲಿ ಇನ್ನೊಂದು ದೋಣಿಗೆ ಕೈಹಾಕಿದ್ದರು. ಅವರ ಆರನೆಯ ದೋಣಿಯಾದ ಅದು ನ್ಯೂಜೆರ್ಸಿಯ ಎಲಿಜಬೆತ್‌ನ ಹಡಗುಕಟ್ಟೆಯಲ್ಲಿ 1897ರ ಮೇ 17ರಂದು ನೀರಿಗಿಳಿಯಿತು. ನಾವು ಮಾತಾಡುತ್ತಿರುವುದು ಈ ದೋಣಿಯ ವಿಷಯವೇ.

ನೀರಿಗಿಳಿದ ವರ್ಷವೇ ಅದರ ಕಥೆ ಮುಗಿಯಬೇಕಿತ್ತು. ಆ ಅಕ್ಟೋಬರ್‌ನಲ್ಲಿ ಕೆಲಸಗಾರನೊಬ್ಬ ಒಂದು ಕವಾಟವನ್ನು ಮುಚ್ಚದೆ ಮನೆಗೆ ಹೋದ. ಬೆಳಗಾಗುವಷ್ಟರಲ್ಲಿ ದೋಣಿ ಕಟ್ಟೆಯ ಬಳಿಯೇ ತಳ ಸೇರಿತ್ತು. 18 ತಾಸು ಉಪ್ಪುನೀರಿನಲ್ಲಿ ನೆನೆದ ವಿದ್ಯುತ್ ಮೋಟಾರನ್ನು ಬಿಚ್ಚಿ ಹೊರತೆಗೆಯಬೇಕೆಂದರೆ ದೋಣಿಯ ಹೊಟ್ಟೆಯನ್ನೇ ಕೊಯ್ಯಬೇಕು. ಹೊರಗಿನಿಂದ ಕಾಯಿಸಿ ಒಣಗಿಸುವ ಪ್ರಯತ್ನಗಳು ಸೋತ ಮೇಲೆ, ಮೋಟಾರು ತಯಾರಿಸಿದ ಕಂಪನಿ ಫ್ರಾಂಕ್ ಕೇಬಲ್ ಎಂಬ ಎಲೆಕ್ಟ್ರೀಷಿಯನ್‌ನನ್ನು ಕಳುಹಿಸಿತು. ಆತ ವಿದ್ಯುತ್ತನ್ನು ಉಲ್ಟಾ ದಿಕ್ಕಿನಲ್ಲಿ ಹರಿಸಿ, ಸುರುಳಿಗಳು ತಮ್ಮ ಕಾವಿನಿಂದಲೇ ಒಳಗಿನಿಂದ ಒಣಗುವಂತೆ ಮಾಡಿದ. ನೆನೆದ ಪಂಪ್‌ಸೆಟ್ ಮೋಟಾರನ್ನು ಒಣಗಿಸಿ ಗೊತ್ತಿರುವ ನಮ್ಮ ರೈತರಿಗೆ ಆ ಫಜೀತಿ ಬಿಡಿಸಿ ಹೇಳಬೇಕಾಗಿಲ್ಲ. ರಿಪೇರಿಗೆಂದು ಬಂದ ಕೇಬಲ್ ಅಲ್ಲಿಯೇ ಉಳಿದುಕೊಂಡು ಮುಂದೆ ಅದೇ ದೋಣಿಯನ್ನು ಪರೀಕ್ಷೆಗಳಲ್ಲಿ ನಡೆಸುವ ಕ್ಯಾಪ್ಟನ್ ಆದ. ಅಮೆರಿಕದ ನೌಕಾಪಡೆಯಲ್ಲಿ ಜಲಾಂತರ್ಗಾಮಿಗಳ ಉಸ್ತುವಾರಿಗೆಂದು ಇರುವ ಒಂದು ಹಡಗಿಗೆ ಆತನ ಹೆಸರಿದೆ.

1898ರ ಮಾರ್ಚ್ 17ರಂದು, ಐರಿಷ್ ಜನರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದಂದೇ, ದೋಣಿ ಸ್ಟೇಟನ್ ದ್ವೀಪದ ಬಳಿ ಮೊದಲ ಬಾರಿ ಸರಿಯಾಗಿ ಮುಳುಗಿ ಮೇಲೆ ಬಂತು. ಮರುತಿಂಗಳು ಅಂದಿನ ನೌಕಾಪಡೆಯ ಸಹಾಯಕ ಕಾರ್ಯದರ್ಶಿ ಥಿಯೊಡೋರ್ ರೂಸ್‌ವೆಲ್ಟ್, ಇದನ್ನು ಕೊಳ್ಳಬೇಕು, ಬಂದರುಗಳ ರಕ್ಷಣೆಗೆ ಇದು ಬಹಳ ಉಪಯೋಗವಾದೀತು ಎಂದು ತಮ್ಮ ಮೇಲಧಿಕಾರಿಗೆ ಬರೆದರು. ಆದರೂ ಖರೀದಿಗೆ ಎರಡು ವರ್ಷ ಹಿಡಿಯಿತು. ನಡುವೆ 1899ರಲ್ಲಿ ಐಸಾಕ್ ರೈಸ್ ಎಂಬ ಉದ್ಯಮಿ ‘ಎಲೆಕ್ಟ್ರಿಕ್ ಬೋಟ್’ ಕಂಪನಿಯನ್ನು ಸ್ಥಾಪಿಸಿ ಹಾಲಂಡ್ ಅವರ ಕಂಪನಿಯನ್ನು ಅದರೊಳಗೆ ಸೇರಿಸಿಕೊಂಡರು. ಆ ಹೆಸರಿನ ಸಂಸ್ಥೆ ಇಂದಿಗೂ ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿಗಳನ್ನು ಕಟ್ಟುತ್ತಿದೆ. ಮಾಸ್ತರರು ಮಾತ್ರ ತಾವು ಹುಟ್ಟುಹಾಕಿದ ಉದ್ಯಮದಲ್ಲಿ ಬರಬರುತ್ತ ಮೂಲೆಗುಂಪಾಗಿ 1904ರಲ್ಲಿ ರಾಜೀನಾಮೆ ಕೊಟ್ಟರು. ಅವರು ತೀರಿಕೊಂಡದ್ದು 1914ರ ಆಗಸ್ಟ್ 12ರಂದು, ಮಹಾಯುದ್ಧ ಶುರುವಾದ ಹೊಸತರಲ್ಲಿ. ಮುಂದಿನ ತಿಂಗಳು 22ರಂದು ಜರ್ಮನಿಯ ಯು-9 ಎಂಬ ಒಂದೇ ಜಲಾಂತರ್ಗಾಮಿ ಬ್ರಿಟನ್ನಿನ ಮೂರು ಕ್ರೂಸರ್ ಹಡಗುಗಳನ್ನು ಒಂದು ಬೆಳಗಿನಲ್ಲಿ ಮುಳುಗಿಸಿತು.

ಪ್ರಶ್ನೆ: ಆ ಕಾಲದಲ್ಲಿ ಅದು ಮುಳುಗುತ್ತಿದ್ದುದು, ಏಳುತ್ತಿದ್ದುದು ಹೇಗೆ? ಒಳಗೆ ಏನೇನಿತ್ತು? (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಮೊದಲು ಅಳತೆ. ಉದ್ದ 53 ಅಡಿ 10 ಅಂಗುಲ, ಅಗಲ 10 ಅಡಿ 3 ಅಂಗುಲ. ನಮ್ಮ ರಸ್ತೆಯ ಒಂದೂವರೆ ಬಸ್ಸಿನಷ್ಟು ಉದ್ದ ಎಂದುಕೊಳ್ಳಿ. ನೀರಿನ ಮೇಲಿದ್ದಾಗ 64 ಟನ್, ಮುಳುಗಿದಾಗ 74 ಟನ್. ಈ ಎರಡು ಅಂಕಿಗಳ ನಡುವಿನ 10 ಟನ್ನಿನ ವ್ಯತ್ಯಾಸದಲ್ಲಿಯೇ ತಮ್ಮ ಪ್ರಶ್ನೆಯ ಉತ್ತರವಿದೆ, ಏಕೆಂದರೆ ಮುಳುಗಬೇಕೆಂದಾಗ ಟ್ಯಾಂಕುಗಳಿಗೆ ಒಳಬಿಟ್ಟುಕೊಳ್ಳುವ ಸಮುದ್ರದ ನೀರು ಹೆಚ್ಚುಕಡಿಮೆ ಅಷ್ಟು.

ಟ್ಯಾಂಕು ತುಂಬಿದ ಮಾತ್ರಕ್ಕೆ ದೋಣಿ ಕಲ್ಲಿನಂತೆ ತಳಕ್ಕೆ ಹೋಗುತ್ತಿತ್ತು ಎಂದು ತಿಳಿಯಬಾರದು. ತುಂಬಿದ ಮೇಲೂ ಅದಕ್ಕೆ ತೇಲುವ ಗುಣ ಸ್ವಲ್ಪ ಉಳಿದಿರುವಂತೆ ಹಾಲಂಡ್ ಲೆಕ್ಕ ಹಾಕಿದ್ದರು. ಬೆನ್ನಿನವರೆಗೆ ಮುಳುಗಿ ನಿಂತ ದೋಣಿಯನ್ನು ಮೋಟಾರಿನಿಂದ ಮುಂದಕ್ಕೆ ನಡೆಸುತ್ತ, ಬಾಲದಲ್ಲಿರುವ ಅಡ್ಡ ಚುಕ್ಕಾಣಿಗಳನ್ನು ಓರೆ ಮಾಡಿದರೆ ಅದು ಮೂತಿ ತಗ್ಗಿಸಿ ಕೆಳಗಿಳಿಯುತ್ತಿತ್ತು. ಮೋಟಾರು ನಿಂತರೆ ತಾನಾಗಿ ಮೇಲೆ ತೇಲುತ್ತಿತ್ತು. ಒಳಗಿದ್ದವರ ಜೀವಕ್ಕೆ ಇದೇ ದೊಡ್ಡ ಭರವಸೆ. ಮೇಲೆ ಬಂದ ಮೇಲೆ ಉಕ್ಕಿನ ಸಿಲಿಂಡರುಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಬಿಟ್ಟು ಟ್ಯಾಂಕುಗಳ ನೀರನ್ನು ಹೊರದೂಡುತ್ತಿದ್ದರು.

ಹಾಲಂಡ್ ಪಟ್ಟುಹಿಡಿದ ಇನ್ನೊಂದು ಅಂಶವುಂಟು. ಮುಳುಗುವಾಗ ಮುಖ್ಯ ಟ್ಯಾಂಕುಗಳು ಕಂಠಪೂರ್ತಿ ತುಂಬಿರಬೇಕು, ಅರ್ಧ ತುಂಬಿರಬಾರದು. ಅರ್ಧ ತುಂಬಿದ ಟ್ಯಾಂಕಿನಲ್ಲಿ ದೋಣಿ ಮೂತಿ ತಗ್ಗಿಸಿದೊಡನೆ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ, ಮೂತಿ ಇನ್ನಷ್ಟು ತಗ್ಗುತ್ತದೆ, ಹಿಡಿತ ತಪ್ಪುತ್ತದೆ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ನಮ್ಮ ಗಾದೆಯನ್ನು ಜನರ ಸ್ವಭಾವಕ್ಕೆ ಹೇಳುತ್ತೇವೆ. ಇಲ್ಲಿ ಅದು ಅಕ್ಷರಶಃ ಎಂಜಿನಿಯರಿಂಗ್ ಸೂತ್ರ. ಅದೇ ಕಾರಣಕ್ಕೆ, ಟಾರ್ಪೆಡೊ (ನೀರಿನೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಹಾರಿದಾಗ ಮೂತಿ ಹಗುರಾಗಿ ಎದ್ದುಬಿಡದಂತೆ, ಅದರ ತೂಕಕ್ಕೆ ಬದಲಾಗಿ ನೀರನ್ನು ಒಳಬಿಟ್ಟುಕೊಳ್ಳುವ ಏರ್ಪಾಡೂ ಇತ್ತು.

ಇನ್ನು ಒಳಗಿನ ಸಂಗತಿ. ಹಿಂಭಾಗದಲ್ಲಿ 45 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು. ನಡುವೆ ನೆಲದ ಕೆಳಗೆ ಸೀಸ ಮತ್ತು ಆಮ್ಲದ ಬ್ಯಾಟರಿಗಳ ಸಾಲು. ಮುಂದೆ 18 ಅಂಗುಲದ ಒಂದು ಟಾರ್ಪೆಡೊ ಕೊಳವೆ, ಒಟ್ಟು ಮೂರು ಟಾರ್ಪೆಡೊ. ಅದರ ಮೇಲ್ಗಡೆ ಓರೆಯಾಗಿ ಕೂರಿಸಿದ, ಗಾಳಿಯ ಒತ್ತಡದಿಂದ ಸಿಡಿಮದ್ದಿನ ಗುಂಡು ಎಸೆಯುವ ಒಂದು ‘ಡೈನಮೈಟ್ ಫಿರಂಗಿ’. ಎಂಜಿನ್ ಓಡುವಾಗ ಅದೇ ಮೋಟಾರನ್ನು ಡೈನಮೊ ಆಗಿ ತಿರುಗಿಸಿ ಬ್ಯಾಟರಿ ತುಂಬಿಸಿಕೊಳ್ಳುತ್ತಿದ್ದರು. ಕೋಣೆ ಎಂಬುದೇ ಇಲ್ಲ. ಅಷ್ಟೂ ಯಂತ್ರಗಳ ನಡುವಿನ ಸಂದಿಯಲ್ಲಿ ಆರೇಳು ಮಂದಿ ಇರಬೇಕು. ಕಮಾಂಡರ್ ಆದವನು ನಡುವಿನ ಪುಟ್ಟ ಗೋಪುರದೊಳಗೆ ತಲೆ ತೂರಿಸಿ ನಿಂತು, ಅದರ ಸುತ್ತಲಿನ ಅಂಗೈಯಗಲದ ಗಾಜಿನ ಕಿಂಡಿಗಳಿಂದ ನೋಡುತ್ತಿದ್ದ.

ಪೆರಿಸ್ಕೋಪ್ ಇರಲಿಲ್ಲ. ಹಾಗಾಗಿ ಮುಳುಗಿದಾಗ ದೋಣಿ ಪೂರ್ತಿ ಕುರುಡು. ಗುರಿ ಎಲ್ಲಿದೆ ಎಂದು ನೋಡಬೇಕಾದರೆ ಗೋಪುರದ ತುದಿ ನೀರಿನ ಮೇಲೆ ಬರುವಂತೆ ಕ್ಷಣಕಾಲ ಎದ್ದು, ದಿಕ್ಸೂಚಿಯಲ್ಲಿ ದಿಕ್ಕು ಗುರುತಿಸಿಕೊಂಡು ಮತ್ತೆ ಮುಳುಗಬೇಕು. ದೂರದಿಂದ ನೋಡಿದವರಿಗೆ ಡಾಲ್ಫಿನ್ ನೆಗೆಯುತ್ತ ಹೋದಂತೆ ಕಾಣುತ್ತಿತ್ತಂತೆ. ಪರೀಕ್ಷೆಗಳ ಆರಂಭದಲ್ಲಿ ದೋಣಿ ನೇರವಾಗಿ ಹೋಗದೆ ಹಾವಿನಂತೆ ಹೊರಳಾಡುತ್ತಿತ್ತು. ಪ್ರೊಪೆಲ್ಲರಿನ ಮುಂದಿದ್ದ ಚುಕ್ಕಾಣಿಗಳನ್ನು ಅದರ ಹಿಂದಕ್ಕೆ ಸರಿಸಿದ ಮೇಲೆ, ಪ್ರೊಪೆಲ್ಲರ್ ತಳ್ಳಿದ ನೀರು ನೇರವಾಗಿ ಚುಕ್ಕಾಣಿಗೆ ಬಡಿದು ಹಿಡಿತ ಸಿಕ್ಕಿತು.

ಪ್ರಶ್ನೆ: ಹಾಲಂಡ್ ಯಾವ ಯುದ್ಧದಲ್ಲಿ ಭಾಗವಹಿಸಿತು? ಎಷ್ಟು ಹಡಗುಗಳನ್ನು ಮುಳುಗಿಸಿತು? ಅದರ ಸೇವೆಯ ವಿವರ ಕೊಡಿ. (ಕಾರವಾರ, ಬೆಳಗಾವಿ ಮತ್ತು ಮುಂಬೈಯಿಂದ ಮೂವರು ಓದುಗರು)

ಉತ್ತರ: ಯಾವ ಯುದ್ಧವನ್ನೂ ಮಾಡಲಿಲ್ಲ, ಒಂದು ಹಡಗನ್ನೂ ಮುಳುಗಿಸಲಿಲ್ಲ. ಸ್ಪೇನ್ ಜೊತೆಗಿನ 1898ರ ಯುದ್ಧದ ವೇಳೆ ಅದು ಇನ್ನೂ ಕಂಪನಿಯ ಸ್ವತ್ತಾಗಿತ್ತು. ಆದರೆ ಅದರ ಖರೀದಿಗೆ ಆ ಯುದ್ಧದ ನೆನಪು ನೆರವಾಯಿತು. 1900ರ ಮಾರ್ಚ್ 14ರಂದು ರಾಜಧಾನಿಯ ಬಳಿಯ ಪೊಟೊಮ್ಯಾಕ್ ನದಿಯಲ್ಲಿ ನಡೆದ ಪ್ರದರ್ಶನವನ್ನು ನೋಡಿದವರಲ್ಲಿ ಮನಿಲಾ ಕೊಲ್ಲಿಯ ಕದನವನ್ನು ಗೆದ್ದ ಅಡ್ಮಿರಲ್ ಜಾರ್ಜ್ ಡ್ಯೂಯಿ ಇದ್ದರು. ಸ್ಪೇನಿನವರ ಬಳಿ ಇಂಥ ಎರಡು ದೋಣಿಗಳು ಮನಿಲಾದಲ್ಲಿ ಇದ್ದಿದ್ದರೆ ತಮ್ಮ ಪಡೆಯಿಂದ ಆ ಕೊಲ್ಲಿಯನ್ನು ಹಿಡಿದಿಟ್ಟುಕೊಳ್ಳಲು ಆಗುತ್ತಿರಲಿಲ್ಲ ಎಂದು ಅವರು ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಗೆದ್ದವನೇ ಹೀಗೆ ಹೇಳಿದ ಮೇಲೆ ಅದರ ತೂಕವೇ ಬೇರೆ. ಆ ಆಗಸ್ಟ್‌ನಲ್ಲಿಯೇ ಇದೇ ಮಾದರಿಯ ಇನ್ನಷ್ಟು ದೋಣಿಗಳಿಗೆ ನೌಕಾಪಡೆ ಗುತ್ತಿಗೆ ಕೊಟ್ಟಿತು.

ಹಾಲಂಡ್ ತನ್ನ ಬದುಕಿನಲ್ಲಿ ‘ಮುಳುಗಿಸಿದ’ ಹಡಗು ಒಂದೇ, ಅದೂ ಆಟದಲ್ಲಿ. 1900ರ ಸೆಪ್ಟೆಂಬರ್ 25ರಂದು ನ್ಯೂಪೋರ್ಟ್ ಬಂದರಿನ ಹೊರಗೆ ಅಣಕು ಯುದ್ಧ ನಡೆಯುತ್ತಿತ್ತು. ಬಂದರಿಗೆ ಮುತ್ತಿಗೆ ಹಾಕುವ ಪಾತ್ರ ದೊಡ್ಡ ಹಡಗುಗಳದು, ಕಾಯುವ ಪಾತ್ರ ಹಾಲಂಡ್ ಮೊದಲಾದ ಸಣ್ಣ ದೋಣಿಗಳದು. ಲೆಫ್ಟಿನೆಂಟ್ ಹ್ಯಾರಿ ಕಾಲ್ಡ್‌ವೆಲ್ ಅವರು ಕತ್ತಲಾದ ಮೇಲೆ, ಗೋಪುರವನ್ನಷ್ಟೇ ನೀರಿನ ಮೇಲಿಟ್ಟುಕೊಂಡು, ಬಂದರಿನಿಂದ ಏಳು ಮೈಲಿ ಆಚೆಗೆ ದೋಣಿಯನ್ನು ಒಯ್ದು, ಮುತ್ತಿಗೆಯ ಪಡೆಯ ಮುಖ್ಯ ಹಡಗಾದ ‘ಕಿಯರ್‌ಸಾರ್ಜ್’ನ ಸುಮಾರು 100 ಗಜ ಹತ್ತಿರಕ್ಕೆ ಯಾರ ಕಣ್ಣಿಗೂ ಬೀಳದೆ ತಲುಪಿದರು. ಅಲ್ಲಿಂದ, ನಿಮ್ಮ ಹಡಗು ಸಿಡಿದು ಚೂರಾಯಿತು, ಇದು ಜಲಾಂತರ್ಗಾಮಿ ಹಾಲಂಡ್ ಎಂದು ಕೂಗಿ ತಿಳಿಸಿದರು. ಹತ್ತು ಸಾವಿರ ಟನ್ನಿಗೂ ಮೀರಿದ ಯುದ್ಧನೌಕೆಯ ಮೇಲಿನವರಿಗೆ, ಕತ್ತಲೆಯ ನೀರಿನಿಂದ ಎದ್ದುಬಂದ ಆ ಕೂಗು ಹೇಗೆ ಕೇಳಿಸಿರಬೇಕು! ವಿಧ್ಯುಕ್ತ ಸೇರ್ಪಡೆಗೆ ಇನ್ನೂ ಎರಡು ವಾರ ಇರುವಾಗಲೇ ನಡೆದ ಘಟನೆ ಇದು.

ಸೇರ್ಪಡೆಯಾದ ನಾಲ್ಕನೆಯ ದಿನ, ಅಕ್ಟೋಬರ್ 16ರಂದು, ಚಳಿಗಾಲ ಕಳೆಯಲೆಂದು ‘ಲೇಡನ್’ ಎಂಬ ಎಳೆದೋಣಿಯ ಹಗ್ಗಕ್ಕೆ ಕಟ್ಟಿಸಿಕೊಂಡು ಹಾಲಂಡ್ ನ್ಯೂಪೋರ್ಟ್‌ನಿಂದ ಮೇರಿಲ್ಯಾಂಡಿನ ಅನಾಪೊಲಿಸ್‌ಗೆ ಹೊರಟಿತು. ಅಲ್ಲಿರುವುದು ಅಮೆರಿಕದ ನೌಕಾ ಅಕಾಡೆಮಿ. ಅದರ ನಿಜವಾದ ಸೇವೆ ನಡೆದದ್ದು ಆ ಶಾಲೆಯ ಕಟ್ಟೆಯಲ್ಲಿ. ಅಕಾಡೆಮಿಯ ವಿದ್ಯಾರ್ಥಿಗಳಲ್ಲದೆ, ಮುಂದೆ ಬರಲಿರುವ ಜಲಾಂತರ್ಗಾಮಿಗಳನ್ನು ನಡೆಸಲೆಂದೇ ಆರಿಸಿ ಕಳುಹಿಸಿದ ಅಧಿಕಾರಿಗಳು, ನಾವಿಕರು ಅಲ್ಲಿ ಅದರೊಳಗಿಳಿದು ಕೆಲಸ ಕಲಿತರು. 1901ರ ಜೂನ್ 15ರಿಂದ ಅಕ್ಟೋಬರ್ 1ರವರೆಗೆ ನ್ಯೂಪೋರ್ಟ್‌ನ ತರಬೇತಿ ಕೇಂದ್ರದಲ್ಲಿದ್ದುದನ್ನು ಬಿಟ್ಟರೆ, 1905ರ ಜುಲೈ 17ರವರೆಗೂ ಅದರ ವಾಸ ಅನಾಪೊಲಿಸ್. ಉಲ್ಲೇಖಿಸಬೇಕಾದ ಪ್ರಯಾಣ ಒಂದಿದೆ: 1901ರ ಜನವರಿ 8ರಿಂದ 10ರವರೆಗೆ ಅನಾಪೊಲಿಸ್‌ನಿಂದ ವರ್ಜೀನಿಯಾದ ನಾರ್ಫೋಕ್‌ಗೆ ಮಾಡಿದ ಪ್ರಯಾಣ. ಇಂಥ ದೋಣಿ ದೀರ್ಘಕಾಲ ಒಂದೇ ಸಮನೆ ಓಡಿದರೆ ಯಂತ್ರಗಳ ನಡವಳಿಕೆ ಹೇಗಿರುತ್ತದೆ ಎಂಬ ಮಾಹಿತಿ ನೌಕಾಪಡೆಗೆ ದೊರೆತದ್ದು ಅದರಿಂದ. ಅನಾಪೊಲಿಸ್ ಬಿಟ್ಟ ಮೇಲೆ ನಾರ್ಫೋಕ್‌ನಲ್ಲಿ ಉಳಿದು, 1910ರಲ್ಲಿ ಪಟ್ಟಿಯಿಂದ ಹೊರಬಿತ್ತು. ಸೇವಾ ಪುಸ್ತಕ ಅಷ್ಟೇ.

ಇಷ್ಟು ನೋಡಿ ಅದರ ಸೇವೆ ಸಪ್ಪೆಯಾಗಿತ್ತು ಎಂದು ತೀರ್ಮಾನಿಸಿದರೆ ನಾವು ಒಪ್ಪುವುದಿಲ್ಲ. 1903ರಲ್ಲಿ ಹೊಸ ‘ಪ್ಲಂಜರ್’ ಸೇರಿದಂತೆ ಏಳು ದೋಣಿಗಳು ಸೇವೆಗೆ ಬಂದಾಗ, ಅವುಗಳೊಳಗೆ ಕಾಲಿಡುವ ಜನರಿಗೆ ಕವಾಟ ಯಾವುದು, ಟ್ಯಾಂಕು ಯಾವುದು, ದೋಣಿ ಮೂತಿ ತಗ್ಗಿಸಿದಾಗ ಗಾಬರಿಯಾಗದೆ ನಿಲ್ಲುವುದು ಹೇಗೆ ಎಂದು ಕಲಿಸಲು ನೌಕಾಪಡೆಯ ಬಳಿ ಇದ್ದದ್ದು ಈ ಒಂದು ದೋಣಿ. ಮಾಸ್ತರರು ಕಟ್ಟಿದ ದೋಣಿ ಕೊನೆಗೆ ಮಾಸ್ತರಿಕೆಯನ್ನೇ ಮಾಡಿತು. ಆ ಏಳರಲ್ಲಿನ ಪ್ಲಂಜರ್‌ನೊಳಗೆ, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಅವರು 1905ರ ಆಗಸ್ಟ್ 25ರಂದು ತಮ್ಮ ಊರಾದ ಆಯ್‌ಸ್ಟರ್ ಬೇಯಲ್ಲಿ ಮುಳುಗಿ ನೋಡಿದರು; ಒಳಗಿನ ಕಷ್ಟವನ್ನು ಕಣ್ಣಾರೆ ಕಂಡು, ಜಲಾಂತರ್ಗಾಮಿಯವರಿಗೆ ಹೆಚ್ಚಿನ ಭತ್ಯೆ ಕೊಡುವಂತೆ ಆದೇಶಿಸಿದರು. ಅದೇ ಪ್ಲಂಜರ್‌ಗೆ 1909ರಲ್ಲಿ ಕಮಾಂಡರ್ ಆಗಿ ಬಂದ ತರುಣ ಚೆಸ್ಟರ್ ನಿಮಿಟ್ಜ್. ಎರಡನೆಯ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ನೌಕಾಬಲದ ಮುಖ್ಯಸ್ಥರಾಗಿ ಅವರು 1941ರ ಕೊನೆಯ ದಿನ ಪರ್ಲ್ ಹಾರ್ಬರ್‌ನಲ್ಲಿ ಅಧಿಕಾರ ವಹಿಸಿಕೊಂಡದ್ದು ಒಂದು ಜಲಾಂತರ್ಗಾಮಿಯ ಮೇಲೆ ನಿಂತು.

ಪ್ರಶ್ನೆ: ನಮ್ಮ ಬೋಟಿನಲ್ಲಿ ಇರುವುದು ಡೀಸೆಲ್ ಎಂಜಿನ್. ಎಲ್ಲ ಕಡೆ ಮುಚ್ಚಿದ ದೋಣಿಯಲ್ಲಿ ಪೆಟ್ರೋಲ್ ಎಂಜಿನ್ ಇಟ್ಟುಕೊಂಡು ಹೇಗೆ ಹೋಗುತ್ತಿದ್ದರು? ಹೊಗೆ, ಆವಿ ತುಂಬಿಕೊಳ್ಳುವುದಿಲ್ಲವೇ? (ಮಲ್ಪೆಯ ಮೀನುಗಾರಿಕೆ ಬೋಟ್ ಮಾಲೀಕರು)

ಉತ್ತರ: ಕಸುಬು ಬಲ್ಲವರ ಪ್ರಶ್ನೆ. ಆ ದೋಣಿಗಳ ಅತಿ ದೊಡ್ಡ ದೌರ್ಬಲ್ಯವನ್ನೇ ತಾವು ಹಿಡಿದಿದ್ದೀರಿ. ಮುಳುಗಿದಾಗ ಎಂಜಿನ್ ನಿಲ್ಲಿಸಿ ಬ್ಯಾಟರಿಯಲ್ಲಿ ಹೋಗುತ್ತಿದ್ದರು, ಆದ್ದರಿಂದ ಹೊಗೆಯ ಕಾಟ ನೀರಿನ ಮೇಲಿದ್ದಾಗ ಮಾತ್ರ. ಆದರೆ ಪೆಟ್ರೋಲಿನ ಆವಿಗೆ ಎಂಜಿನ್ ಓಡುತ್ತಿರಲೇಬೇಕೆಂದಿಲ್ಲ. ಒಂದು ಸಡಿಲ ಕೊಳವೆಯಿಂದ ಜಿನುಗಿದರೂ ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಅಲ್ಲಿಯೇ ವಿದ್ಯುತ್ ಸ್ವಿಚ್ಚುಗಳೂ ಇವೆ, ಕಿಡಿಯೂ ಇದೆ. ಹಾಲಂಡ್‌ನ ನಂತರದ ಏಳರಲ್ಲಿ ಒಂದಾದ, ಮೊದಲು ‘ಶಾರ್ಕ್’ ಎಂದು ಹೆಸರಿದ್ದ ಎ-7ರಲ್ಲಿ 1917ರ ಜುಲೈ 24ರಂದು ಮನಿಲಾ ಕೊಲ್ಲಿಯಲ್ಲಿ ಇದೇ ಆಗಿ, ಆವಿ ಹೊತ್ತಿ ಸ್ಫೋಟಗೊಂಡು ಕಮಾಂಡರ್ ಸೇರಿದಂತೆ ಹಲವರು ಸತ್ತರು. ಅಷ್ಟು ಹೊತ್ತಿಗೆ ಹೊಸ ದೋಣಿಗಳಿಗೆ ಡೀಸೆಲ್ ಬಂದಿತ್ತು. 1912ರಲ್ಲಿ ಸೇವೆಗೆ ಸೇರಿದ ಇ-1 ಅಮೆರಿಕದ ಮೊದಲ ಡೀಸೆಲ್ ಜಲಾಂತರ್ಗಾಮಿ, ಅದರ ಮೊದಲ ಕಮಾಂಡರ್ ಮೇಲೆ ಹೇಳಿದ ನಿಮಿಟ್ಜ್.

ಡೀಸೆಲ್ ಬಂದರೂ ಬ್ಯಾಟರಿಯ ಅಪಾಯ ಹೋಗಲಿಲ್ಲ. 1915ರ ಮಾರ್ಚ್ 25ರಂದು ಹವಾಯಿಯ ಹೊನೊಲುಲು ಬಂದರಿನಿಂದ ಹೊರಟ ಎಫ್-4 ಎಂಬ ಜಲಾಂತರ್ಗಾಮಿ ಮರಳಲಿಲ್ಲ. ಅದರೊಂದಿಗೆ 21 ಮಂದಿ ಹೋದರು. ಸೇವೆಯಲ್ಲಿದ್ದ ಅಮೆರಿಕದ ಜಲಾಂತರ್ಗಾಮಿಯೊಂದು ಜನರ ಸಮೇತ ಕಳೆದುಹೋದದ್ದು ಅದೇ ಮೊದಲು. 300 ಅಡಿಗೂ ಹೆಚ್ಚು ಆಳದಲ್ಲಿ ಬಿದ್ದಿದ್ದ ಅದರ ಬಳಿಗೆ ಮುಳುಗುಗಾರರು ಇಳಿದರು. ಆ ಕಾಲಕ್ಕೆ ಅದು ನಂಬಲಾಗದ ಆಳ. ಗಾಳಿ ತುಂಬಿದ ದೊಡ್ಡ ಪೀಪಾಯಿಗಳನ್ನು ಕಟ್ಟಿ ಆಗಸ್ಟ್ ಕೊನೆಯಲ್ಲಿ ಅದನ್ನು ಮೇಲೆತ್ತಿ ನೋಡಿದರೆ, ಬ್ಯಾಟರಿಯ ಆಮ್ಲ ಸೋರಿ ಅದರ ಅಡಿಯ ಉಕ್ಕಿನ ರಿವೆಟ್ಟುಗಳನ್ನು ತಿಂದುಹಾಕಿತ್ತು, ಆ ದಾರಿಯಲ್ಲಿ ಸಮುದ್ರ ಒಳಗೆ ಬಂದಿತ್ತು. ಬೋಟಿನ ಬ್ಯಾಟರಿ ಪೆಟ್ಟಿಗೆಯ ಅಡಿಯ ತಗಡು ತೂತಾಗುವುದನ್ನು ತಾವು ಕಂಡಿರಬಹುದು. ಹಾಲಂಡ್‌ಗೆ ಈ ಗತಿ ಬರಲಿಲ್ಲ. ತುಂಬು ಸಿಬ್ಬಂದಿಯೊಡನೆ ಅದು ಒಮ್ಮೆಯೂ ಮುಳುಗಿಹೋಗಲಿಲ್ಲ. ಮುಳುಗಿದ್ದು ಕಟ್ಟೆಯ ಬಳಿ, ಖಾಲಿಯಿದ್ದಾಗ ಮಾತ್ರ.

ಪ್ರಶ್ನೆ: ಈಗ ಆ ದೋಣಿಯನ್ನು ಎಲ್ಲಿ ನೋಡಬಹುದು? (ಶಿವಮೊಗ್ಗದಿಂದ ಒಬ್ಬರು, ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು)

ಉತ್ತರ: ಹಾಲಂಡ್ ಅನ್ನು ಎಲ್ಲಿಯೂ ನೋಡಲಾಗದು. ಗುಜರಿಗೆ ಹೋದ ಮೇಲೆ ಯಂತ್ರಗಳನ್ನೆಲ್ಲ ಕಿತ್ತ ಅದರ ಖಾಲಿ ಒಡಲನ್ನು 1915ರ ಸುಮಾರಿಗೆ ಒಬ್ಬರು ಕೊಂಡು, ಮೊದಲು ಫಿಲಡೆಲ್ಫಿಯಾದಲ್ಲಿಯೂ, 1917ರಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸ್ತುಪ್ರದರ್ಶನದ ಮೈದಾನದಲ್ಲಿಯೂ ಜನರಿಗೆ ತೋರಿಸಲು ಇಟ್ಟರು. ಜಾತ್ರೆಯ ತೊಟ್ಟಿಲು, ತಿನಿಸಿನ ಅಂಗಡಿಗಳ ನಡುವೆ ಕೆಲವು ವರ್ಷ ತುಕ್ಕು ಹಿಡಿಯುತ್ತ ನಿಂತಿದ್ದು, 1932ರಲ್ಲಿ ಕೊನೆಗೂ ಒಡೆದು ಮಾರಿದರು.

ನ್ಯೂಜೆರ್ಸಿಯವರಿಗೆ ಬೇಸರ ಬೇಡ. ಹಾಲಂಡ್ ಅವರ 1878ರ ಪುಟ್ಟ ದೋಣಿ ಮತ್ತು ಕಳ್ಳತನಕ್ಕೆ ಗುರಿಯಾದ ಫೀನಿಯನ್ ರ‍್ಯಾಮ್ ಎರಡೂ ತಮ್ಮ ರಾಜ್ಯದ ಪ್ಯಾಟರ್‌ಸನ್ ಮ್ಯೂಸಿಯಂನಲ್ಲಿವೆ. ಇಂಗ್ಲೆಂಡಿಗೆ ಹೋಗುವವರು ಗಾಸ್ಪೋರ್ಟ್‌ನ ಜಲಾಂತರ್ಗಾಮಿ ಮ್ಯೂಸಿಯಂನಲ್ಲಿ ‘ಹಾಲಂಡ್ 1’ ಅನ್ನು ನೋಡಬಹುದು. ಐರ್ಲೆಂಡಿನ ಬಿಡುಗಡೆಗೆಂದು ದೋಣಿ ಕಟ್ಟಲು ಹೊರಟವರ ವಿನ್ಯಾಸವನ್ನೇ ಬ್ರಿಟನ್ನಿನ ನೌಕಾಪಡೆ ಪರವಾನಗಿ ಪಡೆದು, 1901ರಲ್ಲಿ ತನ್ನ ಮೊದಲ ಜಲಾಂತರ್ಗಾಮಿಯಾಗಿ ನೀರಿಗಿಳಿಸಿತು. ಅದನ್ನೂ 1913ರಲ್ಲಿಯೇ, 410 ಪೌಂಡಿಗೆ, ಗುಜರಿಗೆ ಮಾರಿದರು. ಆದರೆ ಎಳೆದೊಯ್ಯುವಾಗ ದಾರಿಯಲ್ಲಿ ಎಡ್ಡಿಸ್ಟೋನ್ ದೀಪಸ್ತಂಭದ ಹತ್ತಿರ ಮುಳುಗಿಹೋಯಿತು. ಮುಳುಗಿದ್ದರಿಂದಲೇ ಗುಜರಿಯವರ ಕೈಗೆ ಸಿಗದೆ ಉಳಿಯಿತು. 1981ರಲ್ಲಿ ಅದನ್ನು ಪತ್ತೆಹಚ್ಚಿ ಮರುವರ್ಷ ಮೇಲೆತ್ತಿದರು.

ಶಿವಮೊಗ್ಗದವರಿಗೆ ಹತ್ತಿರದ್ದು ವಿಶಾಖಪಟ್ಟಣ. ಅಲ್ಲಿನ ರಾಮಕೃಷ್ಣ ಬೀಚಿನಲ್ಲಿ, 1969ರಿಂದ 2001ರವರೆಗೆ ಸೇವೆಯಲ್ಲಿದ್ದ ‘ಐಎನ್‌ಎಸ್ ಕುರ್ಸುರ’ವನ್ನು ದಡಕ್ಕೆ ಎಳೆದು ಮ್ಯೂಸಿಯಂ ಮಾಡಿದ್ದಾರೆ. ಉದ್ದ ಸುಮಾರು 91 ಮೀಟರ್, ಅಂದರೆ ಹಾಲಂಡ್‌ನ ಐದೂವರೆ ಪಟ್ಟು. ಮೇಲೆ ಡೀಸೆಲ್, ಕೆಳಗೆ ಬ್ಯಾಟರಿ, ಮೂತಿಯಲ್ಲಿ ಟಾರ್ಪೆಡೊ ಕೊಳವೆಗಳು. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯವರೆಗೆ ಒಳಗೇ ನಡೆದು ಹೋಗಬಹುದು. ಗುಂಡನೆಯ ಸಣ್ಣ ಬಾಗಿಲುಗಳನ್ನು ದಾಟುವಾಗ ಎತ್ತರದವರು ತಲೆ ಜೋಪಾನ.